ಬಂಡಿ ಶಿಲ್ಪ: ಗಾಲಿಯ ಪಟ್ಟಿ ಕೊನೆಗೂ ಕೂತಿತು

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಪಶ್ಚಿಮಕ್ಕೆ ನೆಲೆ ಹುಡುಕಿ ಹೊರಟವರ ವಲಸೆ ಬಂಡಿಯ ಶಿಲ್ಪ ಮಾಡುತ್ತಿದ್ದೇನೆ. ಅರ್ಧ ಮಣ್ಣಿನಲ್ಲಿ ಹೂತಂತೆ ನಿಲ್ಲಬೇಕಾದ ಅದರ ಚೌಕಟ್ಟು, ಕಮಾನುಗಳು ಮುಗಿದು, ಕ್ಯಾನ್ವಾಸಿನ ಬದಲು ತುಕ್ಕು ಹಿಡಿದ ಮುಳ್ಳುತಂತಿಯ ಹೊದಿಕೆಯೂ ಸಿದ್ಧವಾಗಿದೆ. ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಅಮೆರಿಕ ಖಂಡವನ್ನು ಅಡ್ಡ ದಾಟುವ ರೈಲುಮಾರ್ಗ 1869ರಲ್ಲೇ ಮುಗಿದು ಬಂಡಿಗಳ ಭರಾಟೆ ಆಗಲೇ ಇಳಿದಿತ್ತು. ಕಾಲ ಹೊಂದುವುದಿಲ್ಲವೆಂಬುದು ಗೊತ್ತು. ಆದರೂ ಬಯಲಿಗೆ ಬೇಲಿ ಬಿಗಿದ ತಂತಿಯೇ ಬಯಲು ಹುಡುಕಿ ಹೊರಟ ಬಂಡಿಯನ್ನು ಮುಚ್ಚಬೇಕೆಂಬುದು ನನ್ನ ಹಟ. ಗುಜರಿಯವನು ಮಾತ್ರ ತಂತಿಯನ್ನು ಅಡಿ ಲೆಕ್ಕದಲ್ಲಿ ಅಳೆದು, ತುಕ್ಕಿಗೂ ಸೇರಿಸಿ ದುಡ್ಡು ಕಿತ್ತ.

ತಲೆ ತಿಂದದ್ದು ಗಾಲಿ. ಡೆನ್ವರಿನ ಒಣಹವೆಗೆ ಮರ ಕುಗ್ಗಿ, 44 ಇಂಚು ವ್ಯಾಸದ ಆ ಗಾಲಿಯ ಕಬ್ಬಿಣದ ಪಟ್ಟಿ ಬಳೆಯಂತೆ ಜಾರಾಡುತ್ತಿತ್ತು. ವಲಸಿಗರು ಮಾಡುತ್ತಿದ್ದಂತೆ ಎರಡು ದಿನ ನೀರಿನಲ್ಲಿ ನೆನೆಸಿದಾಗ ಅದು ಬಿಗಿಯಾಗಿ ಕೂತಿತಾದರೂ, ಹತ್ತೇ ದಿನಗಳಲ್ಲಿ ಮತ್ತೆ ಕಳಚಿತು. ಅವರಿಗೆ ಮುಂದೊಂದು ನದಿ ಸಿಗುತ್ತಿತ್ತು; ನನ್ನ ಗ್ಯಾರೇಜಿನಲ್ಲಿ ಅದಿಲ್ಲ.

ಹೀಗಾಗಿ ಪಟ್ಟಿಯನ್ನೇ ಕತ್ತರಿಸಿ, ಗಿಡ್ಡ ಮಾಡಿ, ಬೆಸೆದು, ಕಾಯಿಸಿ ತೊಡಿಸಲು ಹೊರಟೆ. ಮರದ ಸುತ್ತಳತೆಗಿಂತ ಪಟ್ಟಿ ಅರ್ಧ ಇಂಚು ದೊಡ್ಡದಿದ್ದುದರಿಂದ ಮುಕ್ಕಾಲು ಇಂಚಿಗಿಂತ ಕೊಂಚ ಹೆಚ್ಚು ತೆಗೆದಿದ್ದರೆ ಸಾಕಿತ್ತು. ನಾನು ಜಂಬದಿಂದ ಒಂದೂಕಾಲು ಇಂಚು ತೆಗೆದುಬಿಟ್ಟೆ; ಪಟ್ಟಿ ಮರಕ್ಕಿಂತ ಮುಕ್ಕಾಲು ಇಂಚು ಕಿರಿದಾಯಿತು. 138 ಇಂಚಿನ ಸುತ್ತಳತೆ 400 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೂ ಹಿಗ್ಗುವುದು ಸುಮಾರು 0.66 ಇಂಚು ಮಾತ್ರ. ಕೂರದಿದ್ದಾಗ ಕೆಂಪಗೆ ಕಾಯಿಸಿ ಬಡಿದು ಕೂರಿಸಿದೆ. ನೀರು ಸುರಿದೊಡನೆ ಹಬೆಯ ನಡುವಿನಿಂದ ಕಡಲೆ ಹುರಿದಂಥ ಚಟಪಟ ಸದ್ದು ಬಂದು, ಸ್ಪೋಕುಗಳೆಲ್ಲ ಒಂದೇ ಕಡೆಗೆ ಬಾಗಿ ಗಾಲಿ ಊಟದ ತಟ್ಟೆಯಂತಾಯಿತು. ಒಂದು ಸ್ಪೋಕು ಉದ್ದಕ್ಕೆ ಸೀಳಿತು. ನಮ್ಮೂರ ಕಮ್ಮಾರ ಬೆರಣಿಯ ಬೆಂಕಿಯಲ್ಲಿ, ಕಣ್ಣಳತೆಯಿಂದಲೇ ಇದನ್ನು ಮಾಡುತ್ತಿದ್ದುದನ್ನು ನೆನೆದು ನಾಚಿಕೆಯಾಯಿತು.

ಮತ್ತೆ ಕತ್ತರಿಸಿ, ತುಂಡು ಸೇರಿಸಿ, ಈ ಬಾರಿ ಮರಕ್ಕಿಂತ ಇಂಚಿನ ಎಂಟರಲ್ಲಿ ಮೂರು ಭಾಗ ಮಾತ್ರ ಕಿರಿದಾಗಿ ಬೆಸೆದೆ. ನಿನ್ನೆ ಸಂಜೆ ಪಟ್ಟಿ ಒಂದೇ ಏಟಿಗೆ ಇಳಿಯಿತು; ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ಮುಂದಿನ ಕೆಲಸ ಬಾವಿಯ ಗಾಳಿಯಂತ್ರ. ಅದರ ರೆಕ್ಕೆಗೆ ಹಳೆಯ ತಗಡಿನ ಫಲಕಗಳನ್ನು ಈಗಾಗಲೇ ಗುಡ್ಡೆ ಹಾಕುತ್ತಿದ್ದೇನೆ.

ಸೀಳಿದ ಸ್ಪೋಕನ್ನು ಬದಲಿಸಲಿಲ್ಲ. ಹದ ಮಾಡದ ಹಸಿ ಚರ್ಮದ ಪಟ್ಟಿಯನ್ನು ನೆನೆಸಿ ಅದಕ್ಕೆ ಸುತ್ತಿದ್ದೇನೆ. ಮರವನ್ನು ಸಡಿಲಿಸಿದ ಇದೇ ಒಣಹವೆ ಆ ಚರ್ಮವನ್ನು ದಿನೇ ದಿನೇ ಬಿಗಿಯುತ್ತಿದೆ.