ಸಿಲೆಸಾರಸ್ ಏನು ತಿನ್ನುತ್ತಿತ್ತು?

ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಸಿಲೆಸಾರಸ್ ಎಂಬ ಸರೀಸೃಪದ ಕೆಳದವಡೆಯ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ತುದಿಗೆ. ಅಲ್ಲಿ ಒಂದೂ ಹಲ್ಲಿಲ್ಲ. ಮೂಳೆ ಸಣ್ಣಗಾಗುತ್ತಾ ಹೋಗಿ ಚೂಪಾಗಿ ಮುಗಿಯುತ್ತದೆ. ಬದುಕಿದ್ದಾಗ ಅದರ ಮೇಲೆ ಕೊಂಬಿನಂಥ ಹೊದಿಕೆ ಇದ್ದಿರಬೇಕು, ಅಂದರೆ ಪುಟ್ಟ ಕೊಕ್ಕು. ಹಿಂದಿನ ಹಲ್ಲುಗಳು ಚಿಕ್ಕವು, ಅಂಚಿನಲ್ಲಿ ಒರಟು ಗರಗಸ. ಮಾಂಸ ಸೀಳುವ ಪ್ರಾಣಿಗಳಿಗೆ ಇರುವಂತೆ ಹಿಂದಕ್ಕೆ ಬಾಗಿದ ಚೂರಿ ಹಲ್ಲುಗಳಲ್ಲ. ಇಂಥ ಬಾಯಿ ನೋಡಿದರೆ ಯಾರಾದರೂ ಸೊಪ್ಪು ತಿನ್ನುವ ಪ್ರಾಣಿ ಅಂತಲೇ ಹೇಳುತ್ತಾರೆ ಅಲ್ವಾ?

ಇದು ಸಿಕ್ಕಿದ್ದು ಪೋಲೆಂಡ್‌ನ ದಕ್ಷಿಣದಲ್ಲಿ, ಒಪೋಲೆ ಹತ್ತಿರದ ಕ್ರಾಶೆಯುವ್ ಹಳ್ಳಿಯಲ್ಲಿ. ಸಿಮೆಂಟ್‌ಗಾಗಿ ಜೇಡಿಮಣ್ಣು ತೋಡುತ್ತಿದ್ದ ಗಣಿ ಅದು. 2003ರಲ್ಲಿ ಪಳೆಯುಳಿಕೆ ವಿಜ್ಞಾನಿ ಯೆಝಿ ಜಿಕ್ ಈ ಪ್ರಾಣಿಗೆ ಹೆಸರಿಟ್ಟರು. ಕಾಲ ಸುಮಾರು 23 ಕೋಟಿ ವರ್ಷಗಳ ಹಿಂದೆ. ಆ ಮಣ್ಣಿನಲ್ಲಿ ಒಂದೆರಡು ಮೂಳೆಯಲ್ಲ, ಹಲವು ಪ್ರಾಣಿಗಳ ಮೂಳೆಗಳು ಸಿಕ್ಕವು. ಅದಕ್ಕೇ ಇದರ ಮೈಕಟ್ಟು ಇಷ್ಟು ಚೆನ್ನಾಗಿ ಗೊತ್ತು: ಮೂಗಿನಿಂದ ಬಾಲದ ತುದಿಗೆ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ತೆಳ್ಳಗಿನ ಉದ್ದ ಕಾಲು, ನಾಲ್ಕು ಕಾಲಿನ ನಡಿಗೆ.

ಡೈನೋಸಾರ್‌ಗಳ ಸೊಂಟದಲ್ಲಿ ತೊಡೆಮೂಳೆ ಕೂರುವ ಜಾಗ ಆರಪಾರ ತೂತಾಗಿರುತ್ತದೆ. ಸಿಲೆಸಾರಸ್‌ನಲ್ಲಿ ಅಲ್ಲಿ ಮೂಳೆಯ ಗೋಡೆಯಿದೆ. ಹಾಗಾಗಿ ಬಹಳ ಮಂದಿ ಇದನ್ನು ಡೈನೋಸಾರ್‌ನ ಹತ್ತಿರದ ಬಂಧು ಅಂತಾರೆ. ಇನ್ನು ಕೆಲವರು ಇದೇ ಗುಂಪಿನಿಂದ ಮುಂದೆ ಸಸ್ಯಾಹಾರಿ ಡೈನೋಸಾರ್‌ಗಳ ಒಂದು ದೊಡ್ಡ ಕವಲು ಹೊರಟಿತು ಅಂತಾರೆ. ಕೊಕ್ಕನ್ನು ನೋಡಿದರೆ ಆ ವಾದವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ನನ್ನನ್ನು ನಿಜಕ್ಕೂ ಹಿಡಿದಿಟ್ಟದ್ದು ಮೂಳೆಯಲ್ಲ, ಹಿಕ್ಕೆ. ಅದೇ ಗಣಿಯಲ್ಲಿ ಕಲ್ಲಾಗಿಹೋದ ಹಿಕ್ಕೆಗಳೂ ಇದ್ದವು. ವಿಜ್ಞಾನಿಗಳು ಅವನ್ನು ಒಡೆಯದೆ, ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಬಲವಾದ ಎಕ್ಸ್-ರೇ ಹಾಯಿಸಿ ಒಳಗೆ ನೋಡಿದರು. ಒಳಗೆ ತುಂಬಿದ್ದದ್ದು ಜೀರುಂಡೆಗಳ ಚೂರು. ಹಿಕ್ಕೆಯ ಗಾತ್ರ, ಅಲ್ಲಿದ್ದ ಪ್ರಾಣಿಗಳು ಎಲ್ಲವನ್ನೂ ಹೊಂದಿಸಿ, ಇದು ಬಹುಶಃ ಸಿಲೆಸಾರಸ್‌ನದ್ದೇ ಅಂತ 2019ರಲ್ಲಿ ಬರೆದರು. 2021ರಲ್ಲಿ ಇಂಥದ್ದೇ ಹಿಕ್ಕೆಯೊಳಗಿದ್ದ ಒಂದು ಜೀರುಂಡೆಗೆ ಟ್ರಯಾಮಿಕ್ಸಾ ಅಂತ ಹೆಸರೂ ಬಂತು. ಉದ್ದ ಒಂದೂವರೆ ಮಿಲಿಮೀಟರ್ ಆಸುಪಾಸು. ಅದರ ಕಾಲು, ಮೀಸೆ ಎಲ್ಲ ಹಾಗೇ ಇವೆ! ಒಂದು ಹೊಟ್ಟೆಯನ್ನು ಹಾದು, 23 ಕೋಟಿ ವರ್ಷ ಮಣ್ಣಿನಡಿ ಬಿದ್ದಿದ್ದರೂ ಮೀಸೆ ಮುರಿದಿಲ್ಲ. ಆ ಚಿತ್ರವನ್ನು ದೊಡ್ಡದು ಮಾಡಿ ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗುವುದಿಲ್ಲ.

ಅಂದಮೇಲೆ ಆ ಕೊಕ್ಕು ಸೊಪ್ಪು ಕತ್ತರಿಸಲಿಕ್ಕೇ ಇತ್ತು ಅಂತ ಹೇಗೆ ಹೇಳುವುದು? ಕೋಳಿ ನೆಲ ಕುಕ್ಕುವ ಹಾಗೆ ಹುಳ ಹೆಕ್ಕಲಿಕ್ಕೂ ಅದು ಆಗುತ್ತದೆ. ಇಷ್ಟು ಚಿಕ್ಕ ಟ್ರಯಾಮಿಕ್ಸಾವನ್ನು ಹುಡುಕಿ ತಿಂದಿರಲಿಕ್ಕಿಲ್ಲ, ಬೇರೇನನ್ನೋ ತಿನ್ನುವಾಗ ಜೊತೆಗೆ ಹೋಗಿರಬೇಕು. ದೊಡ್ಡ ಜೀರುಂಡೆಗಳ ಗಟ್ಟಿ ರೆಕ್ಕೆಚೂರುಗಳ ಮಾತೇ ಬೇರೆ. ಹಲ್ಲು ಒಂದು ಹೇಳುತ್ತದೆ, ಹಿಕ್ಕೆ ಇನ್ನೊಂದು. ಎರಡನ್ನೂ ನಂಬಿದರೆ ಸಿಗುವುದು ಸೊಪ್ಪಿನ ಜೊತೆ ಹುಳವನ್ನೂ ತಿನ್ನುತ್ತಿದ್ದ ಪ್ರಾಣಿ. ನನ್ನ ಮಟ್ಟಿಗೆ ಸಿಲೆಸಾರಸ್ ಅದೇ. ಇದಕ್ಕಿಂತ ಹಳೆಯದು ಎನ್ನಲಾದ ಟಾಂಜಾನಿಯಾದ ಅಸಿಲಿಸಾರಸ್‌ಗೂ ಇಂಥದ್ದೇ ಕೊಕ್ಕಿದೆ. ಅದರ ಹಿಕ್ಕೆಯೂ ಯಾರಿಗಾದರೂ ಸಿಗಲಿ ಅನ್ನುವುದು ನನ್ನ ದೊಡ್ಡ ಆಸೆ.