ಜಕಾರ್ಡು ಹುಟ್ಟಿದ ಊರಲ್ಲಿ ಒಂದು ಶನಿವಾರ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿಗೆ. ಮುಂದಿನ ಹಜಾರ ಮಗ್ಗಕ್ಕೆ, ಹಿಂದಿನ ಎರಡು ಕೋಣೆ ನಮಗೆ. ಮಗ್ಗದ ನೆತ್ತಿಯ ಮೇಲೆ ಕೂತು ರಟ್ಟಿನ ಕಾರ್ಡುಗಳ ಸರವನ್ನು ಒಂದೊಂದಾಗಿ ತಿರುಗಿಸುವ ಯಂತ್ರಕ್ಕೆ ಅಪ್ಪ ‘ಜಕಾರ್ಡು’ ಅನ್ನುತ್ತಿದ್ದರು. ಲಾಳಿ, ಅಚ್ಚು, ಹಾಸು, ಹೊಕ್ಕು ಇದ್ದ ಹಾಗೆ ಇದೂ ನಮ್ಮದೇ ಮಾತು ಅಂದುಕೊಂಡು ಬೆಳೆದೆ. ಅದು ಒಬ್ಬ ಮನುಷ್ಯನ ಹೆಸರು, ಅವನು ಹುಟ್ಟಿದ ಊರಿಗೇ ನಾನು ಓದಲು ಬಂದಿದ್ದೇನೆ ಎಂದು ತಿಳಿದದ್ದು ಫ್ರಾನ್ಸಿನ ಲಿಯೋನ್‌ಗೆ ಬಂದಿಳಿದ ಮೇಲೆ.

ಲಿಯೋನ್ ಎರಡು ನದಿಗಳ ಊರು. ರೋನ್ ಮತ್ತು ಸೋನ್ ಊರೊಳಗೇ ಹರಿದು ದಕ್ಷಿಣದ ತುದಿಯಲ್ಲಿ ಕೂಡುತ್ತವೆ. ಎರಡು ಗುಡ್ಡಗಳೂ ಇವೆ. ಚರ್ಚ್ ಇರುವ ಫೂರ್ವಿಯೇರ್ ‘ಪ್ರಾರ್ಥಿಸುವ ಗುಡ್ಡ’, ನೇಕಾರರಿದ್ದ ಕ್ರುವಾ-ರೂಸ್ ‘ದುಡಿಯುವ ಗುಡ್ಡ’. ಮೊದಲನೆಯದನ್ನು ಬಂದ ವಾರವೇ ನೋಡಿದ್ದೆ. ಸೆಪ್ಟೆಂಬರ್‌ನ ಒಂದು ಶನಿವಾರ, ತಿಂಡಿ ಮುಗಿಸಿ, ಎರಡನೆಯದನ್ನು ಹತ್ತಲು ಹೊರಟೆ.

ಮೆಟ್ರೋ ಇದೆ. ಆದರೆ ಈ ಗುಡ್ಡವನ್ನು ನಡೆದೇ ಹತ್ತಬೇಕು, ‘ತ್ರಬೂಲ್’ಗಳ ಮೂಲಕ. ಅಂದರೆ ಒಂದು ಬೀದಿಯ ಬಾಗಿಲಲ್ಲಿ ಹೊಕ್ಕು, ಮನೆಗಳ ಒಳಗಿಂದಲೇ ಹಾದು, ಇನ್ನೊಂದು ಬೀದಿಗೆ ಬೀಳುವ ಓಣಿಗಳು. ನೇಯ್ದ ರೇಷ್ಮೆ ಮಳೆಗೆ ನೆನೆಯದ ಹಾಗೆ ಹೊತ್ತೊಯ್ಯಲು ನೇಕಾರರಿಗೆ ಇವೇ ದಾರಿ. ಈಗಲೂ ಜನ ವಾಸವಿರುವ ಮನೆಗಳಾದ್ದರಿಂದ ಸದ್ದು ಮಾಡದೆ ನಡೆಯಬೇಕು. ‘ಕೂರ್ ದೆ ವೊರಾಸ್’ ಎಂಬ ಅಂಗಳದಲ್ಲಿ ಮಹಡಿಯಿಂದ ಮಹಡಿಗೆ ಏರುವ ದೊಡ್ಡ ಕಲ್ಲಿನ ಮೆಟ್ಟಿಲಿದೆ. ಅದರ ಬುಡದಲ್ಲಿ ನಿಂತಾಗ, ಭುಜದ ಮೇಲೆ ಗಂಟು ಹೊತ್ತು ಮಾಲೀಕರ ಮನೆಗೆ ಸೀರೆ ಕೊಡಲು ಹೋಗುತ್ತಿದ್ದ ನಮ್ಮ ತಾತ ನೆನಪಾದರು.

ಮೇಲಿನ ಮನೆಗಳ ಕಿಟಕಿಗಳು ಬಾಗಿಲಿಗಿಂತ ಎತ್ತರ. ಒಳಗೆ ಸೂರು ಸುಮಾರು 4 ಮೀಟರ್. ಜಕಾರ್ಡು ಇಡಲು ಅಷ್ಟು ಎತ್ತರ ಬೇಕು, ಬಣ್ಣದ ಎಳೆ ಕಾಣಲು ಅಷ್ಟು ಬೆಳಕು ಬೇಕು. ಮನೆಯವರು ಮಲಗುತ್ತಿದ್ದುದು ಅಟ್ಟದ ಮೇಲೆ. ಮಗ್ಗಕ್ಕೆ ಜಾಗ ಬಿಟ್ಟು ಉಳಿದದ್ದರಲ್ಲಿ ಸಂಸಾರ. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅಲ್ಲಿನ ‘ಮೇಜೋಂ ದೆ ಕಾನ್ಯೂ’ ಎಂಬ ಸಂಗ್ರಹಾಲಯದಲ್ಲಿ ಕೈಮಗ್ಗ ನಡೆಸಿ ತೋರಿಸುತ್ತಾರೆ. ಕಾನ್ಯೂ ಅಂದರೆ ಇಲ್ಲಿನ ರೇಷ್ಮೆ ನೇಕಾರ. 1752ರಲ್ಲಿ ಲಿಯೋನ್‌ನಲ್ಲಿ ಹುಟ್ಟಿದ ಜೋಸೆಫ್ ಮರೀ ಜಾಕಾರ್ 1804ರಲ್ಲಿ ಈ ಯಂತ್ರ ರೂಪಿಸಿದ. ಅದಕ್ಕೂ ಮೊದಲು ಬುಟ್ಟಾ ಎಬ್ಬಿಸಲು ಮಗ್ಗದ ಪಕ್ಕ ನಿಂತು ದಾರ ಎಳೆಯುವ ಇನ್ನೊಂದು ಜೀವ ಬೇಕಿತ್ತು, ಎಷ್ಟೋ ಸಲ ಅದು ಮಗುವೇ. ಕಾರ್ಡಿನಲ್ಲಿ ತೂತಿದ್ದ ಕಡೆ ಹುಕ್ಕು, ಅಂದರೆ ಯಂತ್ರದ ಕೊಕ್ಕೆ, ಏಳುತ್ತದೆ, ಅದರ ಜೊತೆ ಹಾಸಿನ ಎಳೆ ಏಳುತ್ತದೆ. ಇಲ್ಲದ ಕಡೆ ಇಲ್ಲ. ನಾನು ಓದುತ್ತಿರುವ ಕಂಪ್ಯೂಟರ್ ವಿಜ್ಞಾನದ ಬೇರುಗಳಲ್ಲಿ ಒಂದು ಇಲ್ಲಿದೆ: ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡಿನ ಉಪಾಯ ಪಡೆದದ್ದು ಜಕಾರ್ಡಿನಿಂದಲೇ.

ಮಗ್ಗ ಶುರುವಾಯಿತು. ಅದರ ಸದ್ದನ್ನು ಇಲ್ಲಿಯವರು ‘ಬಿಸ್ತಾಂಕ್ಲಾಕ್-ಪಾನ್’ ಎಂದು ಕರೆಯುತ್ತಾರೆ, ಮಗ್ಗಕ್ಕೂ ಅದೇ ಹೆಸರು. ನಮ್ಮದು ವಿದ್ಯುತ್ ಮಗ್ಗ, ಓಟ ಜೋರು. ಆದರೂ ಲಾಳಿ ಆ ತುದಿ ಮುಟ್ಟಿ ಅಚ್ಚು ಬಡಿಯುವ ಆ ಕೊನೆಯ ಪೆಟ್ಟು ಅದೇ. ಗಂಟಲು ಕಟ್ಟಿತು.

ಮಧ್ಯಾಹ್ನ ಚೌಕದಲ್ಲಿ ಜಾಕಾರ್‌ನ ಪ್ರತಿಮೆಯ ಕೆಳಗೆ ಕೂತು ಮನೆಗೆ ಫೋನ್ ಮಾಡಿದೆ. ಹಿಂದೆ ಮಗ್ಗ ಓಡುತ್ತಿತ್ತು. ಅಪ್ಪ ಅದನ್ನು ನಿಲ್ಲಿಸಿ ಬಂದರು. ಪ್ರತಿಮೆ ತೋರಿಸಿದೆ.

“ಇವರೇನಾ? ಒಳಗಿದ್ದ ಮಗ್ಗ ಎಷ್ಟು ಹುಕ್ಕಿಂದು?”

“ಕೇಳ್ಲಿಲ್ಲಪ್ಪ.”

1831ರ ಕಥೆ ಹೇಳಿದೆ. ವ್ಯಾಪಾರಿ ನೂಲು ಕೊಡುತ್ತಿದ್ದ, ಕಾನ್ಯೂ ನೇಯ್ದ ಬಟ್ಟೆಗೆ ಮಜೂರಿ ಪಡೆಯುತ್ತಿದ್ದ. ಮಜೂರಿಗೆ ಕನಿಷ್ಠ ದರ ಒಪ್ಪಿಗೆಯಾದರೂ ಕೆಲವು ವ್ಯಾಪಾರಿಗಳು ಕೊಡಲಿಲ್ಲ. ನವೆಂಬರ್‌ನಲ್ಲಿ ನೇಕಾರರು ಈ ಗುಡ್ಡದಿಂದ ಇಳಿದು ಊರನ್ನೇ ಹಿಡಿದರು. ‘ದುಡಿದು ಬಾಳುವೆವು, ಇಲ್ಲವೇ ಹೋರಾಡಿ ಸಾಯುವೆವು’ ಎಂಬುದು ಅವರ ಘೋಷಣೆ.

“ಆಮೇಲೆ? ಮಜೂರಿ ಜಾಸ್ತಿ ಆಯ್ತಾ?”

“ಇಲ್ಲಪ್ಪ. ಡಿಸೆಂಬರ್‌ನಲ್ಲಿ ಸೈನ್ಯ ಬಂತು. ಒಪ್ಪಿದ್ದ ದರಾನೂ ರದ್ದು ಮಾಡಿದ್ರು.”

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಅಮ್ಮ ಪಕ್ಕದಿಂದ ಊಟ ಆಯ್ತೇನೋ ಎಂದರು.

“ಹೋಗಿ ಹುಕ್ಕು ಕೇಳ್ಕೊಂಡು ಬಾ ಮಗಾ,” ಎಂದರು ಅಪ್ಪ. ಅವರ ಹಿಂದೆ ಮಗ್ಗ ಮತ್ತೆ ಶುರುವಾಯಿತು. ನಾನು ವಾಪಸ್ ಸಂಗ್ರಹಾಲಯದ ಕಡೆ ನಡೆದೆ.