ಟಿಸಿ ಮಿರೆಡ್: ಪ್ಯಾಕೆಟ್ಟನ್ನು ಎಲ್ಲಿ ಹಿಡಿಯುತ್ತದೆ, ಎಲ್ಲಿಗೆ ಬಿಡುತ್ತದೆ

ಒಂದು ಇಂಟರ್‌ಫೇಸಿನ ಪ್ಯಾಕೆಟ್ಟುಗಳ ನಕಲನ್ನು ಇನ್ನೊಂದಕ್ಕೆ ಕಳಿಸಿದರೆ ಮಿರರ್, ಮೂಲವನ್ನೇ ಎತ್ತಿ ಅತ್ತ ಸಾಗಿಸಿದರೆ ರೀಡೈರೆಕ್ಟ್. ಲಿನಕ್ಸ್‌ನಲ್ಲಿ ಎರಡಕ್ಕೂ ಟಿಸಿಯ (ಪ್ಯಾಕೆಟ್ ಸಂಚಾರ ನಿಯಂತ್ರಿಸುವ ಕರ್ನಲ್ ವ್ಯವಸ್ಥೆ ಮತ್ತು ಅದರ ಕಮಾಂಡ್) ಒಂದೇ ಆ್ಯಕ್ಷನ್ ಇದೆ, ಮಿರೆಡ್. ಕಮಾಂಡ್ ಎರಡು ಮೂರು ಸಾಲಿನದು, ತಲೆನೋವು ಬರುವುದು ಆಮೇಲೆ. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ ಅದು ಕಾಣುತ್ತದೆ, ಫೈರ್‌ವಾಲ್ ಆದ ಐಪಿಟೇಬಲ್ಸ್ ಲೆಕ್ಕದಲ್ಲಿ ಇಲ್ಲ. ನಕಲು ಹೋಯಿತೆಂದು ಟಿಸಿ ಹೇಳುತ್ತದೆ, ಆ ಕಡೆಯ ಯಂತ್ರಕ್ಕೆ ಏನೂ ಬಂದಿಲ್ಲ. ಕರ್ನಲ್ ಒಳಗಿನ ದಾರಿಯಲ್ಲಿ ಮಿರೆಡ್ ಕೂತಿರುವ ಜಾಗ ತಿಳಿದಿದ್ದರೆ ಇವುಗಳಲ್ಲಿ ಬಹುಪಾಲು ಒಗಟಾಗಿ ಉಳಿಯುವುದಿಲ್ಲ.

ಒಳಬರುವ ಪ್ಯಾಕೆಟ್ ಡ್ರೈವರ್‌ನಿಂದ ಹೊರಟು ಮೊದಲು ಎಕ್ಸ್‌ಡಿಪಿ (ಡ್ರೈವರ್ ಹಂತದಲ್ಲೇ ಪ್ರೋಗ್ರಾಮ್ ಓಡಿಸುವ ಜಾಗ), ನಂತರ ಜಿಆರ್‌ಒ (ಪ್ಯಾಕೆಟ್ಟುಗಳನ್ನು ಒಟ್ಟುಗೂಡಿಸುವ ಹಂತ), ನಂತರ ಟಿಸಿಪಿಡಂಪ್ ಕೇಳಿಸಿಕೊಳ್ಳುವ ಜಾಗ, ಅದಾದ ಮೇಲೆ ಟಿಸಿ ಇಂಗ್ರೆಸ್ (ಒಳಬರುವ ದಿಕ್ಕು) ಮುಟ್ಟುತ್ತದೆ. ಬ್ರಿಡ್ಜ್, ಐಪಿ ಪದರ, ಐಪಿಟೇಬಲ್ಸ್ ಎಲ್ಲವೂ ಇದರ ಆಚೆಗೆ. ಹೊರಹೋಗುವಾಗ ಕ್ರಮ ತಿರುಗುತ್ತದೆ: ಐಪಿಟೇಬಲ್ಸ್, ಟಿಸಿ ಈಗ್ರೆಸ್ (ಹೊರಹೋಗುವ ದಿಕ್ಕು), ಕ್ಯೂಡಿಸ್ಕ್ (ಪ್ಯಾಕೆಟ್ಟುಗಳ ಸರದಿ ನಡೆಸುವುದು), ಟಿಸಿಪಿಡಂಪ್, ಡ್ರೈವರ್. ಹಾಗಾಗಿ ಇಂಗ್ರೆಸ್‌ನಲ್ಲಿ ರೀಡೈರೆಕ್ಟ್ ಮಾಡಿದ ಪ್ಯಾಕೆಟ್ ಮೂಲ ಇಂಟರ್‌ಫೇಸಿನ ಟಿಸಿಪಿಡಂಪ್‌ನಲ್ಲಿ ಕಂಡೇ ಕಾಣುತ್ತದೆ, ಈಗ್ರೆಸ್‌ನಲ್ಲಿ ಮಾಡಿದ್ದು ಕಾಣುವುದಿಲ್ಲ. ಟಿಸಿಪಿಡಂಪ್ ನೋಡಿ ರೀಡೈರೆಕ್ಟ್ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸುವವರು ಬಹಳ ಜನ. ನೋಡಬೇಕಾದದ್ದು ಟಿಸಿ ಲೆಕ್ಕವನ್ನು.

ಫಿಲ್ಟರ್ ತಗುಲಿಸಲು ಮೊದಲೊಂದು ಕೊಕ್ಕೆ ಬೇಕು. ಹಿಂದೆ ಒಳಬರುವ ದಿಕ್ಕಿಗೆ ಇಂಗ್ರೆಸ್ ಕ್ಯೂಡಿಸ್ಕ್, ಹೊರಹೋಗುವ ದಿಕ್ಕಿಗೆ ಪ್ರಿಯೋ ಅಥವಾ ಎಚ್‌ಟಿಬಿ ಥರದ್ದು ಬೇಕಾಗುತ್ತಿತ್ತು. ಕರ್ನಲ್ 4.5ರಲ್ಲಿ ಕ್ಲಸ್‌ಆ್ಯಕ್ಟ್ ಎಂಬ ಕ್ಯೂಡಿಸ್ಕ್ ಬಂದಿದ್ದರಿಂದ ಎರಡು ದಿಕ್ಕೂ ಒಂದೇ ಕಡೆ ಸಿಗುತ್ತವೆ, ಈಗಾಗಲೇ ಇರುವ ಈಗ್ರೆಸ್ ಕ್ಯೂಡಿಸ್ಕನ್ನು ಮುಟ್ಟಬೇಕಿಲ್ಲ. ಹಳೆಯ ಇಂಗ್ರೆಸ್ ಕ್ಯೂಡಿಸ್ಕ್ ಆ ಇಂಟರ್‌ಫೇಸಿನಲ್ಲಿ ಇದ್ದರೆ ಮಾತ್ರ ಅದನ್ನು ತೆಗೆಯಬೇಕು, ಎರಡೂ ಒಂದೇ ಹ್ಯಾಂಡಲ್‌ಗೆ ಬಡಿದಾಡುತ್ತವೆ. ಈಥ್0ನ ಎರಡೂ ದಿಕ್ಕಿನ ನಕಲು ಈಥ್1ಕ್ಕೆ ಬೇಕಿದ್ದರೆ ಸಾಲುಗಳು ಇಷ್ಟೇ:

ಟಿಸಿ ಕ್ಯೂಡಿಸ್ಕ್ ಆ್ಯಡ್ ಡೆವ್ ಈಥ್0 ಕ್ಲಸ್‌ಆ್ಯಕ್ಟ್

ಟಿಸಿ ಫಿಲ್ಟರ್ ಆ್ಯಡ್ ಡೆವ್ ಈಥ್0 ಇಂಗ್ರೆಸ್ ಪ್ರೋಟೋಕಾಲ್ ಆಲ್ ಪ್ರೆಫ್ 10 ಮ್ಯಾಚ್‌ಆಲ್ ಆ್ಯಕ್ಷನ್ ಮಿರೆಡ್ ಈಗ್ರೆಸ್ ಮಿರರ್ ಡೆವ್ ಈಥ್1

ಟಿಸಿ ಫಿಲ್ಟರ್ ಆ್ಯಡ್ ಡೆವ್ ಈಥ್0 ಈಗ್ರೆಸ್ ಪ್ರೋಟೋಕಾಲ್ ಆಲ್ ಪ್ರೆಫ್ 10 ಮ್ಯಾಚ್‌ಆಲ್ ಆ್ಯಕ್ಷನ್ ಮಿರೆಡ್ ಈಗ್ರೆಸ್ ಮಿರರ್ ಡೆವ್ ಈಥ್1

ಮೂರನೇ ಸಾಲಿನಲ್ಲಿ ಈಗ್ರೆಸ್ ಎರಡು ಸಲ ಬಂದಿದೆ, ಎರಡಕ್ಕೂ ಬೇರೆ ಕೆಲಸ. ಮೊದಲನೆಯದು ಫಿಲ್ಟರ್ ಕೂರುವ ಜಾಗ. ಎರಡನೆಯದು ನಕಲಿನ ಗತಿ: ಈಗ್ರೆಸ್ ಎಂದರೆ ಈಥ್1ರ ತಂತಿಗೆ ಬಿಡು, ಇಂಗ್ರೆಸ್ ಎಂದರೆ ಈಥ್1ಕ್ಕೆ ಹೊರಗಿನಿಂದ ಬಂತೆಂಬಂತೆ ಇದೇ ಯಂತ್ರದ ಒಳಕ್ಕೆ ಬಿಡು. ಪ್ರೋಟೋಕಾಲ್ ಜಾಗದಲ್ಲಿ ಆಲ್ ಬದಲು ಐಪಿ ಎಂದು ಬರೆದರೆ ಐಪಿವಿ4 ಮಾತ್ರ ಹೋಗುತ್ತದೆ. ಎಆರ್‌ಪಿ, ಐಪಿವಿ6 ಎರಡೂ ಸದ್ದಿಲ್ಲದೆ ಉಳಿದುಬಿಡುತ್ತವೆ. ಎಲ್ಲ ಪ್ಯಾಕೆಟ್ಟಿಗೂ ಹೊಂದುವ ಮ್ಯಾಚ್‌ಆಲ್ ಫಿಲ್ಟರ್ ಸಿಗುವುದು ಕರ್ನಲ್ 4.8ರಿಂದ. ಅದಕ್ಕಿಂತ ಹಳೆಯದರಲ್ಲಿ ಯು32 ಫಿಲ್ಟರಿಗೆ ಮ್ಯಾಚ್ ಯು32 0 0 ಕೊಟ್ಟರೆ ಅದೇ ಫಲ. ವರ್ಚುವಲ್ ಮಷೀನ್, ಕಂಟೇನರುಗಳನ್ನು ಹೋಸ್ಟಿಗೆ ಜೋಡಿಸುವ ಟ್ಯಾಪ್ ಮತ್ತು ವೆಥ್ ಇಂಟರ್‌ಫೇಸುಗಳಲ್ಲಿ ದಿಕ್ಕು ತಲೆಕೆಳಗು ಎಂಬುದು ನೆನಪಿರಲಿ: ವರ್ಚುವಲ್ ಮಷೀನ್ ಕಳಿಸಿದ್ದು ಹೋಸ್ಟ್ ಕಡೆಯ ಟ್ಯಾಪ್‌ನಲ್ಲಿ ಇಂಗ್ರೆಸ್ ಆಗಿ ಬರುತ್ತದೆ.

ಇನ್ನು ಈಥ್1. ಅದಕ್ಕೆ ಐಪಿ ವಿಳಾಸ ಬೇಡ, ಐಪಿವಿ6 ಬಂದ್ ಮಾಡಿ, ಅಪ್ ಮಾಡಿಡಿ. ಡೌನ್ ಆಗಿದ್ದರೆ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ 'ಟಿಸಿ ಮಿರೆಡ್ ಟು ಹ್ಯೂಸ್ಟನ್: ಡಿವೈಸ್ ಈಥ್1 ಈಸ್ ಡೌನ್' ಎಂಬ ಸಾಲು ಬರುತ್ತದೆ. ಕರ್ನಲ್ ಬರೆದವರ ತಮಾಷೆ ಅದು, ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ಕೇಬಲ್ಲಿನ ಆ ತುದಿಯಲ್ಲಿ ಪ್ಯಾಕೆಟ್ ಹಿಡಿಯುವ ಇಂಟರ್‌ಫೇಸ್ ಪ್ರಾಮಿಸ್ಕ್ಯುಯಸ್ (ತನ್ನದಲ್ಲದ ಫ್ರೇಮನ್ನೂ ಸ್ವೀಕರಿಸುವ) ಸ್ಥಿತಿಯಲ್ಲಿ ಇರಲೇಬೇಕು. ಮಿರೆಡ್ ಮ್ಯಾಕ್ ವಿಳಾಸವನ್ನು ಬದಲಿಸುವುದಿಲ್ಲ, ಆದ್ದರಿಂದ ತನ್ನದಲ್ಲದ ವಿಳಾಸದ ಫ್ರೇಮನ್ನು ಆ ಕಡೆಯ ಕಾರ್ಡ್ ಹಾರ್ಡ್‌ವೇರ್‌ನಲ್ಲೇ ಬಿಸಾಡುತ್ತದೆ. ಆ ಕಡೆ ಸಾಧಾರಣ ಯಂತ್ರವೇ ಸ್ವೀಕರಿಸಬೇಕಿದ್ದರೆ ಮಿರೆಡ್‌ಗಿಂತ ಮೊದಲು ಎಸ್‌ಕೆಬಿಮಾಡ್ ಆ್ಯಕ್ಷನ್ ಹಾಕಿ ಡಿಮ್ಯಾಕ್ (ಗುರಿಯ ಮ್ಯಾಕ್ ವಿಳಾಸ) ಬದಲಿಸಿ, ಪೈಪ್ ಕೊಟ್ಟು ಮುಂದಕ್ಕೆ ಕಳಿಸಬೇಕು. ರೀಡೈರೆಕ್ಟ್‌ಗೆ ಇದು ಸರಿ. ಮಿರರ್‌ನಲ್ಲಿ ಮಾಡಿದರೆ ಬದಲಾದ ವಿಳಾಸವೇ ಮೂಲ ಪ್ಯಾಕೆಟ್ಟಿಗೂ ಅಂಟಿಕೊಂಡು ಮುಂದೆ ಹೋಗುತ್ತದೆ.

ಈಥ್1ರ ಕೇಬಲ್ ಕೆಲಸದಲ್ಲಿರುವ ಸ್ವಿಚ್ಚಿಗೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ನಕಲು ಫ್ರೇಮುಗಳಲ್ಲಿ ಮೂಲ ಯಂತ್ರಗಳ ಸೋರ್ಸ್ ಮ್ಯಾಕ್ ಇರುತ್ತದೆ. ಸ್ವಿಚ್ ಅದನ್ನು ನೋಡಿ ಆ ಯಂತ್ರಗಳೆಲ್ಲ ಈಥ್1ರ ಪೋರ್ಟಿನಲ್ಲಿವೆ ಎಂದು ಕಲಿಯುತ್ತದೆ, ಮರುಕ್ಷಣ ನಿಜವಾದ ಪೋರ್ಟಿನಿಂದ ಫ್ರೇಮ್ ಬಂದಾಗ ಮತ್ತೆ ಬದಲಿಸಿಕೊಳ್ಳುತ್ತದೆ. ಲಾಗ್‌ನಲ್ಲಿ ಮ್ಯಾಕ್ ಫ್ಲ್ಯಾಪ್, ಬಳಕೆದಾರರಿಗೆ ಬಂದು ಹೋಗುವ ಸಂಪರ್ಕ. ನೇರ ಕೇಬಲ್, ಇಲ್ಲವೇ ಮ್ಯಾಕ್ ಕಲಿಕೆ ನಿಲ್ಲಿಸಿದ ಪ್ರತ್ಯೇಕ ವಿಎಲ್ಯಾನ್: ಇವೆರಡೇ ದಾರಿ.

ಅಳತೆಯ ಲೆಕ್ಕವೂ ಸರಳ, ಆದರೂ ತಪ್ಪುತ್ತದೆ. 1 ಗಿಗಾಬಿಟ್ ಫುಲ್ ಡ್ಯುಪ್ಲೆಕ್ಸ್ ಲಿಂಕಿನ ಎರಡೂ ದಿಕ್ಕು ಸೇರಿದರೆ 2 ಗಿಗಾಬಿಟ್. ಈಥ್1 ಕೂಡ 1 ಗಿಗಾಬಿಟ್ ಆಗಿದ್ದರೆ ದಟ್ಟಣೆ ಏರಿದಾಗ ಅರ್ಧದಷ್ಟು ನಕಲು ಉದುರಬಹುದು. ಸ್ವಿಚ್ಚಿನ ಸ್ಪ್ಯಾನ್ (ನಕಲು ಹೊರಬಿಡುವ) ಪೋರ್ಟಿಗೂ ಇದೇ ಮಿತಿ. ಉದುರಿದ್ದು ಈಥ್0ರ ಡ್ರಾಪ್ ಲೆಕ್ಕದಲ್ಲಿ ಸಿಗದು, ಈಥ್1ರ ಕ್ಯೂಡಿಸ್ಕಿನಲ್ಲಿ ಹುಡುಕಬೇಕು. ಮಿರೆಡ್ ತಾನೇ ಕಳಿಸಲಾಗದೆ ಸೋತಾಗ ಟಿಸಿ -ಎಸ್ ಫಿಲ್ಟರ್ ಶೋ ಕೊಡುವ ಸಾಲಿನಲ್ಲಿ ಓವರ್‌ಲಿಮಿಟ್ಸ್ ಏರುತ್ತದೆ.

ನಕಲು ತಂತಿಯ ಮೇಲಿದ್ದಂತೆಯೇ ಇರುತ್ತದೆ ಎಂಬ ನಂಬಿಕೆಯೂ ಬೇಡ. ಟಿಸಿಗಿಂತ ಮುಂಚೆಯೇ ಜಿಆರ್‌ಒ ಒಂದೇ ಟಿಸಿಪಿ ಸಂಪರ್ಕದ ಹಲವು ಪ್ಯಾಕೆಟ್ಟುಗಳನ್ನು ಒಂದು ದೊಡ್ಡ ಗಂಟಾಗಿಸಿರುತ್ತದೆ. ಹೊರಹೋಗುವ ದಿಕ್ಕಿನಲ್ಲಿ ಟಿಎಸ್‌ಒಗೆ (ದೊಡ್ಡ ಗಂಟನ್ನು ಕಾರ್ಡೇ ತುಂಡರಿಸುವ ವ್ಯವಸ್ಥೆ) ಕಾದಿರುವ 64 ಕಿಲೋಬೈಟಿನವರೆಗಿನ ಗಂಟುಗಳೇ ಈಗ್ರೆಸ್‌ನಲ್ಲಿ ಸಿಗುತ್ತವೆ. ಈಥ್1 ಅದನ್ನು ಮತ್ತೆ ತುಂಡರಿಸಿ ಕಳಿಸುತ್ತದೆ, ಆದರೆ ಪ್ಯಾಕೆಟ್ಟುಗಳ ನಡುವಿನ ಅಂತರ ಬೇರೆಯಾಗಿರುತ್ತದೆ. ಒಳನುಸುಳುವಿಕೆ ಪತ್ತೆಯ ತಂತ್ರಾಂಶಕ್ಕೆ ಇದು ಸಾಕು. ಸಮಯ ಅಳೆಯುವ ಕೆಲಸಕ್ಕೆ ಈಥ್‌ಟೂಲ್ -ಕೆ (ದೊಡ್ಡಕ್ಷರದ ಕೆ) ಬಳಸಿ ಜಿಆರ್‌ಒ, ಜಿಎಸ್‌ಒ (ಕರ್ನಲ್ಲೇ ತುಂಡರಿಸುವುದು), ಟಿಎಸ್‌ಒ ಬಂದ್ ಮಾಡಿ, ಸಿಪಿಯು ಹೊರೆ ಏರುವುದನ್ನು ಸಹಿಸಿಕೊಳ್ಳಬೇಕು. ಅದಕ್ಕೂ ಕರಾರುವಾಕ್ಕಾಗಿ ಬೇಕಿದ್ದರೆ ಹಾರ್ಡ್‌ವೇರ್ ಟ್ಯಾಪ್ (ತಂತಿಯ ನಡುವೆ ಕೂತು ನಕಲು ತೆಗೆಯುವ ಉಪಕರಣ) ಕೊಳ್ಳಿ, ಟಿಸಿಯನ್ನು ಸತಾಯಿಸಬೇಡಿ.

ರೀಡೈರೆಕ್ಟ್‌ನ ಅತಿ ಚೆಂದದ ಬಳಕೆ ಎರಡು ಇಂಟರ್‌ಫೇಸುಗಳನ್ನು ತಂತಿಯಂತೆ ಬೆಸೆಯುವುದು: ಈಥ್0ರ ಇಂಗ್ರೆಸ್‌ನಿಂದ ಈಥ್1ರ ಈಗ್ರೆಸ್‌ಗೆ, ಈಥ್1ರ ಇಂಗ್ರೆಸ್‌ನಿಂದ ಈಥ್0ರ ಈಗ್ರೆಸ್‌ಗೆ. ಬ್ರಿಡ್ಜ್ ಇರುವಾಗ ಇದೇಕೆ? 01-80-ಸಿ2-00-00-00ರಿಂದ 0ಎಫ್‌ವರೆಗಿನ ವಿಳಾಸಗಳನ್ನು ಬ್ರಿಡ್ಜ್ ಸಾಮಾನ್ಯವಾಗಿ ದಾಟಿಸುವುದಿಲ್ಲ. ಎಲ್‌ಎಲ್‌ಡಿಪಿ (ನೆರೆಯ ಉಪಕರಣದ ಪರಿಚಯ), ಎಲ್‌ಎಸಿಪಿ (ಲಿಂಕುಗಳ ಜೋಡಣೆ), 802.1ಎಕ್ಸ್‌ನ ಇಎಪಿಒಎಲ್ (ಪೋರ್ಟ್ ಪ್ರವೇಶದ ಪರಿಶೀಲನೆ) ಎಲ್ಲ ಅಲ್ಲೇ ಬರುತ್ತವೆ. ಬ್ರಿಡ್ಜಿನ ಗ್ರೂಪ್ ಫಾರ್ವರ್ಡ್ ಮಾಸ್ಕ್ ತಿರುಚಿದರೆ ಕೆಲವು ದಾಟುತ್ತವೆ, ಎಲ್‌ಎಸಿಪಿ ಮಾತ್ರ ಅದಕ್ಕೆ ಜಗ್ಗುವುದಿಲ್ಲ, ಅದಕ್ಕೆ ಪೋರ್ಟ್ ಮಟ್ಟದ ಮಾಸ್ಕ್ ಬೇಕು. ಮಿರೆಡ್ ಬ್ರಿಡ್ಜಿಗಿಂತ ಮುಂಚೆ ಹಿಡಿಯುವುದರಿಂದ ಈ ಭೇದ ಎಣಿಸದೆ ಸಾಗಿಸುತ್ತದೆ. ಬ್ರಿಡ್ಜ್ ತನ್ನ ಪೋರ್ಟುಗಳನ್ನು ತಾನೇ ಪ್ರಾಮಿಸ್ಕ್ಯುಯಸ್ ಮಾಡಿಕೊಳ್ಳುತ್ತದೆ, ಟಿಸಿ ಮಾಡುವುದಿಲ್ಲ. ಎರಡೂ ಇಂಟರ್‌ಫೇಸಿಗೆ ಐಪಿ ಲಿಂಕ್ ಸೆಟ್‌ನಿಂದ ಪ್ರಾಮಿಸ್ಕ್ ಆನ್ ಕೊಡದಿದ್ದರೆ ಬ್ರಾಡ್‌ಕಾಸ್ಟ್ ದಾಟುತ್ತದೆ, ಯುನಿಕಾಸ್ಟ್ ದಾಟುವುದಿಲ್ಲ. ಎಆರ್‌ಪಿ ಪ್ರಶ್ನೆ ಹೋಗಿ ಉತ್ತರ ಬಾರದ ವಿಚಿತ್ರ ಸ್ಥಿತಿ. ಒಂದು ಕಡೆಯ ಲಿಂಕ್ ಬಿದ್ದರೆ ಇನ್ನೊಂದು ತಾನಾಗಿ ಬೀಳುವುದಿಲ್ಲ ಎಂಬುದೂ ನಿಜವಾದ ತಂತಿಗಿಂತ ಬೇರೆ.

ಸುತ್ತು ಬಿದ್ದರೆ ಕಾಪಾಡುವವರಿಲ್ಲ. ರೀಡೈರೆಕ್ಟ್ ಐಪಿ ಪದರ ಮುಟ್ಟದ್ದರಿಂದ ಟಿಟಿಎಲ್ ಇಳಿಯುವುದಿಲ್ಲ, ಸ್ಪ್ಯಾನಿಂಗ್ ಟ್ರೀಯೂ ಇಲ್ಲಿ ಓಡುತ್ತಿಲ್ಲ. ಯಂತ್ರದ ಒಳಗೇ ಒಂದು ಮಿರೆಡ್ ಇನ್ನೊಂದನ್ನು ಕರೆಯುತ್ತ ಹೋದರೆ ಕರ್ನಲ್ 4 ಸಲಕ್ಕೆ ತಡೆದು ರಿಕರ್ಷನ್ ಲಿಮಿಟ್ ಮೀರಿತೆಂದು ಲಾಗ್ ಬರೆಯುತ್ತದೆ. ಹೊರಗಿನ ಸ್ವಿಚ್ ಸುತ್ತಿ ಬಂದ ಪ್ಯಾಕೆಟ್ಟಿಗೆ ಆ ತಡೆ ಅನ್ವಯಿಸದು. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಅದೇ ಇಂಟರ್‌ಫೇಸನ್ನು ರೀಡೈರೆಕ್ಟ್ ಮಾಡುವುದಾದರೆ, ಮೊದಲು ಹಿನ್ನೆಲೆಯಲ್ಲಿ ಸ್ಲೀಪ್ 60, ಅದಾದ ಮೇಲೆ ಟಿಸಿ ಕ್ಯೂಡಿಸ್ಕ್ ಡೆಲ್ ಡೆವ್ ಈಥ್0 ಕ್ಲಸ್‌ಆ್ಯಕ್ಟ್ ಓಡುವಂತೆ ನೋಹಪ್‌ನಲ್ಲಿ ಇಟ್ಟು, ನಂತರ ಫಿಲ್ಟರ್ ಹಾಕಿ. ಸಂಪರ್ಕ ಕಡಿದರೂ ಒಂದು ನಿಮಿಷದಲ್ಲಿ ವಾಪಸ್ ಬರುತ್ತದೆ.

ಒಳಬರುವ ವೇಗಕ್ಕೆ ಮಿತಿ ಹಾಕಲು ಐಎಫ್‌ಬಿ (ಕ್ಯೂ ಮಾಡಲೆಂದೇ ಇರುವ ವರ್ಚುವಲ್ ಇಂಟರ್‌ಫೇಸ್) ಬಳಸುವವರಿಗೂ ಮಿರೆಡ್ ಕೂತಿರುವ ಜಾಗದ ಎಚ್ಚರಿಕೆ ಬೇಕು. ಕ್ಯೂ ಮಾಡುವ ಶಕ್ತಿ ಇಂಗ್ರೆಸ್‌ಗೆ ಇಲ್ಲ, ಅದಕ್ಕೇ ಪ್ಯಾಕೆಟ್ಟನ್ನು ಐಎಫ್‌ಬಿ0ಗೆ ರೀಡೈರೆಕ್ಟ್ ಮಾಡಿ, ಅಲ್ಲಿ ಎಚ್‌ಟಿಬಿ ಅಥವಾ ಕೇಕ್ ಎಂಬ ಕ್ಯೂಡಿಸ್ಕ್ ಕೂರಿಸುತ್ತಾರೆ. ಸರದಿ ಮುಗಿದ ಪ್ಯಾಕೆಟ್ ಈಥ್0ಗೇ ಮರಳಿ ತನ್ನ ದಾರಿ ಹಿಡಿಯುತ್ತದೆ. ಐಎಫ್‌ಬಿ0 ಅಪ್ ಆಗಿರದಿದ್ದರೆ ಬಂದದ್ದೆಲ್ಲ ಮಣ್ಣುಪಾಲು. ಲಿಂಕಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಕೊಡಿ, 100 ಮೆಗಾಬಿಟ್ ಇದ್ದರೆ 90ರಿಂದ 95. ಇಲ್ಲದಿದ್ದರೆ ಸಾಲು ನಿಮ್ಮಲ್ಲಲ್ಲ, ಸೇವೆ ಕೊಡುವವರ ಉಪಕರಣದಲ್ಲಿ ಬೆಳೆಯುತ್ತದೆ. ಇಂಗ್ರೆಸ್ ಎಂಬುದು ಕನೆಕ್ಷನ್ ಟ್ರ್ಯಾಕಿಂಗ್‌ಗಿಂತ ಮುಂಚಿನ ಜಾಗ. ಐಪಿಟೇಬಲ್ಸ್ ಹಾಕುವ ಮಾರ್ಕ್ ಅಲ್ಲಿ ಇನ್ನೂ ಇರುವುದಿಲ್ಲ, ನ್ಯಾಟ್ ಹಿಂದಿನ ಒಳವಿಳಾಸವೂ ಕಾಣುವುದಿಲ್ಲ. ಮಾರ್ಕ್ ಬೇಕಿದ್ದರೆ ಮಿರೆಡ್‌ಗೆ ಮೊದಲು, ಸಂಪರ್ಕದ ಮಾರ್ಕನ್ನು ಪ್ಯಾಕೆಟ್ಟಿಗೆ ತರುವ ಕನ್‌ಮಾರ್ಕ್ ಆ್ಯಕ್ಷನ್ ಹಾಕಿ. ಒಳಗಿನ ಯಂತ್ರಗಳ ನಡುವೆ ಸಮಪಾಲು ಬೇಕಿದ್ದರೆ ಕೇಕ್‌ಗೆ ನ್ಯಾಟ್ ಆಯ್ಕೆ ಕೊಡಿ.

ನಕಲು ಬೇರೆ ನೆಟ್‌ವರ್ಕಿಗೆ ಹೋಗಬೇಕಿದ್ದರೆ ಗುರಿಯಾಗಿ ಜಿಆರ್‌ಇಟ್ಯಾಪ್ (ಈಥರ್‌ನೆಟ್ ಫ್ರೇಮನ್ನು ಐಪಿಯಲ್ಲಿ ಸುತ್ತಿ ಒಯ್ಯುವ) ಸುರಂಗ ಕೊಟ್ಟರಾಯಿತು. ಇಲ್ಲಿ ಕಾಡುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಹೊರಗಿನ ಐಪಿಗೆ 20, ಜಿಆರ್‌ಇಗೆ 4, ಒಳಗಿನ ಈಥರ್‌ನೆಟ್‌ಗೆ 14, ಒಟ್ಟು 38 ಬೈಟ್ ಹೆಚ್ಚುವರಿ. 1500ರ ದಾರಿಯಲ್ಲಿ ಸುರಂಗಕ್ಕೆ ಉಳಿಯುವುದು 1462. ಚಿಕ್ಕ ಪ್ಯಾಕೆಟ್ಟುಗಳು ಬರುತ್ತವೆ, ದೊಡ್ಡವು ಬರುವುದಿಲ್ಲ, ಅಂದರೆ ಟಿಸಿಪಿ ಹ್ಯಾಂಡ್‌ಶೇಕ್ ಕಾಣುತ್ತದೆ, ಡೇಟಾ ಕಾಣುವುದಿಲ್ಲ ಎಂದಾದರೆ ಕಾರಣ ಇದೇ. ದಾರಿಯುದ್ದಕ್ಕೂ ಎಂಟಿಯು 1538ಕ್ಕೆ ಏರಿಸುವುದು ಒಳ್ಳೆಯ ಪರಿಹಾರ. ಸುರಂಗಕ್ಕೆ ನೋಪಿಎಂಟಿಯುಡಿಸ್ಕ್ ಜೊತೆಗೆ ಇಗ್ನೋರ್-ಡಿಎಫ್ ಕೊಟ್ಟು ತುಂಡಾಗಲು ಬಿಡುವುದು ಕೆಲಸ ನಡೆಯುವ ಪರಿಹಾರ. ಸುರಂಗದ ಹೊರ ಪ್ಯಾಕೆಟ್ಟುಗಳು ಈಥ್0ದಿಂದಲೇ ಹೊರಡುವಂತಿದ್ದರೆ ಅವೂ ಮತ್ತೆ ನಕಲಾಗುತ್ತವೆ. ಫ್ಲವರ್ ಫಿಲ್ಟರಿನಲ್ಲಿ ಐಪಿ ಪ್ರೋಟೋಕಾಲ್ 47ನ್ನು (ಜಿಆರ್‌ಇ) ಕಡಿಮೆ ಪ್ರೆಫ್ ಸಂಖ್ಯೆ ಕೊಟ್ಟು ಮೊದಲೇ ಪಾಸ್ ಮಾಡಿ.

ಐಪಿಟೇಬಲ್ಸ್‌ನ ಟೀ ಟಾರ್ಗೆಟ್ ಕೂಡ ನಕಲು ಮಾಡುತ್ತದೆ, ಆದರೆ ಐಪಿ ಪದರದಲ್ಲಿ. ಎಆರ್‌ಪಿ ಸಿಗದು, ಮ್ಯಾಕ್ ವಿಳಾಸ ಮೂಲದ್ದಾಗಿರದು. ಎನ್ಎಫ್‌ಟೇಬಲ್ಸ್‌ನ ನೆಟ್‌ಡೆವ್ ಕುಟುಂಬದಲ್ಲಿ ಡಪ್ ಮತ್ತು ಫಾರ್ವರ್ಡ್ ಇವೆ, ಈಗಾಗಲೇ ಎನ್ಎಫ್‌ಟಿ ನಿಯಮಗಳನ್ನೇ ನಂಬಿರುವ ಯಂತ್ರದಲ್ಲಿ ಅವೇ ಹೊಂದುತ್ತವೆ. ಎಕ್ಸ್‌ಡಿಪಿಯಲ್ಲಿ ರೀಡೈರೆಕ್ಟ್ ಇನ್ನೂ ವೇಗ, ಆದರೆ ಆ ಪ್ಯಾಕೆಟ್ ಟಿಸಿಪಿಡಂಪ್ ಕಣ್ಣಿಗೆ ಬೀಳುವ ಮೊದಲೇ ಹೋಗಿರುತ್ತದೆ.

ಗುರಿ ಇಂಟರ್‌ಫೇಸನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ ಫಿಲ್ಟರ್ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಮಿರೆಡ್ ಹಿಡಿದಿರುವುದು ಹೆಸರನ್ನಲ್ಲ, ಅಳಿದುಹೋದ ಆ ಡಿವೈಸನ್ನು. ವರ್ಚುವಲ್ ಮಷೀನ್ ನಿಂತು ಮತ್ತೆ ಶುರುವಾಗಿ ಟ್ಯಾಪ್ ಹೊಸದಾದಾಗ ಮಿರರ್ ನಿಂತುಹೋಗುವುದು ಹೀಗೆ; ಟ್ಯಾಪ್ ಎದ್ದಾಗಲೆಲ್ಲ ಫಿಲ್ಟರನ್ನು ಮತ್ತೆ ಹಾಕುವ ಯುಡೆವ್ ನಿಯಮವೋ ಹುಕ್ ಸ್ಕ್ರಿಪ್ಟೋ ಇರಬೇಕು. ಕೆಲಸ ಮುಗಿದ ಮೇಲೆ ತೆಗೆಯುವಾಗ ಇಡೀ ಕ್ಲಸ್‌ಆ್ಯಕ್ಟ್ ಅಳಿಸುವುದು ಸುಲಭ, ಆದರೆ ಕುಬರ್‌ನೆಟೀಸ್ ಯಂತ್ರದಲ್ಲಿ ಹಾಗೆ ಮಾಡಬೇಡಿ. ಸಿಲಿಯಂನಂಥ ನೆಟ್‌ವರ್ಕ್ ತಂತ್ರಾಂಶಗಳು ತಮ್ಮ ಬಿಪಿಎಫ್ (ಕರ್ನಲ್ ಒಳಗೆ ಓಡುವ) ಪ್ರೋಗ್ರಾಮುಗಳನ್ನು ಅದೇ ಕೊಕ್ಕೆಗೆ ತಗುಲಿಸಿರಬಹುದು. ಮೊದಲು ಟಿಸಿ ಫಿಲ್ಟರ್ ಶೋ ನೋಡಿ, ನಿಮ್ಮ ಪ್ರೆಫ್ 10 ಒಂದನ್ನೇ ಎರಡೂ ದಿಕ್ಕಿನಲ್ಲಿ ಅಳಿಸಿ.